ಹಾಸಿಗೆ ಹೊಲಿದವರು ಯಾರು?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಮಗೆ ಮೊದಲು ಹೇಳಿಕೊಟ್ಟವರು ನಮ್ಮ ತಾಯಂದಿರು. ಮನೆಯ ಮಟ್ಟಿಗೆ ಅದು ಒಳ್ಳೆಯ ಮಾತು. ಆದರೆ ಊರು ಬಿಟ್ಟು ಮುಂಬಯಿಗೆ ಬಂದ ಮೇಲೆ ಅದೇ ಗಾದೆಯನ್ನು ನಾವು ಮಾಲಿಕರ ಬಾಯಿಂದ ಕೇಳುತ್ತಿದ್ದೇವೆ. ಸಂಬಳ ಏರಿಸಿ ಎಂದು ಗಲ್ಲಾದ ಮುಂದೆ ನಿಂತರೆ, ‘ಸಂಬಳಕ್ಕೆಂದು ಇಷ್ಟೇ ಹಣ ತೆಗೆದಿರಿಸಿದ್ದೇನೆ. ಅಡಿಗೆಯವನಿಗೆ ಕೊಟ್ಟರೆ ಮಾಣಿಗಿಲ್ಲ, ಮಾಣಿಗೆ ಕೊಟ್ಟರೆ ಲೋಟ ತೊಳೆಯುವವನಿಗಿಲ್ಲ. ನೀವೇ ಹಂಚಿಕೊಳ್ಳಿ’ ಎನ್ನುತ್ತಾರೆ. ಇದಕ್ಕೆ ಏನು ಉತ್ತರ ಕೊಡಬೇಕೆಂಬುದು ನಮ್ಮ ಸಂಘದ ಸಭೆಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ. ಈ ಸಲ ಉತ್ತರವನ್ನು ದೂರದ ಒಂದು ಕಡೆಯಿಂದ ಹುಡುಕಿ ತಂದಿದ್ದೇವೆ. ಓದುಗರು ತಾಳ್ಮೆಯಿಂದ ಕೇಳಬೇಕು.

ಮೊನ್ನೆ ಸಂಘದ ಕೋಣೆಯಲ್ಲಿ ಹುಡುಗರು ಕ್ರಿಕೆಟ್ ಹರಾಜಿನ ಮಾತು ತೆಗೆದಿದ್ದರು. 2024ರ ನವೆಂಬರಿನಲ್ಲಿ ನಡೆದ ಹರಾಜಿಗೆ ಒಂದೊಂದು ಐಪಿಎಲ್ ತಂಡಕ್ಕೂ 120 ಕೋಟಿ ರೂಪಾಯಿಯ ಚೀಲವೆಂದು ಗೊತ್ತು ಮಾಡಿದ್ದರು. ಅದರಲ್ಲಿ 27 ಕೋಟಿ ಒಬ್ಬನೇ ರಿಷಭ್ ಪಂತನಿಗೆ ಹೋಯಿತು. ಒಬ್ಬ ಹುಡುಗ ಕೇಳಿದ: ‘ಅವನಿಗೆ ಅಷ್ಟು ಹೋದ ಮೇಲೆ ಉಳಿದವರ ಪಾಡೇನು?’ ಇನ್ನೊಬ್ಬ ಕೇಳಿದ: ‘ಆ 120 ಕೋಟಿಯನ್ನು ಗೊತ್ತು ಮಾಡಿದವರು ಯಾರು?’ ಎರಡೂ ಒಳ್ಳೆಯ ಪ್ರಶ್ನೆಗಳೇ. ಆದರೆ ಎರಡನೆಯದು ಹೆಚ್ಚು ಒಳ್ಳೆಯದು. ಈಗ ಆಡುತ್ತಿರುವ ಆಟಗಾರರ ಸಂಘವೊಂದು ಎದುರು ಕುಳಿತು ಸಹಿ ಹಾಕಿದ ಒಪ್ಪಂದವಲ್ಲ ಅದು. ಅಂಥ ಒಪ್ಪಂದ ಇರುವುದು ಅಮೇರಿಕದ ಫುಟ್‌ಬಾಲಿನಲ್ಲಿ. ಅದರ ಕತೆಯನ್ನೇ ಇಲ್ಲಿ ಹೇಳಹೊರಟಿದ್ದೇವೆ.

ಅಮೇರಿಕದ ಫುಟ್‌ಬಾಲ್ ಎಂದರೆ ನಾವು ಕೂಪರೇಜ್ ಮೈದಾನದಲ್ಲಿ ಕಂಡ ಕಾಲ್ಚೆಂಡಲ್ಲ. ತಲೆಗೆ ಶಿರಸ್ತ್ರಾಣ, ಭುಜಕ್ಕೆ ಗಟ್ಟಿ ಪಟ್ಟಿ, ಮೊಟ್ಟೆಯಂತಹ ಚೆಂಡು; ಮೈಗೆ ಮೈ ಡಿಕ್ಕಿ ಹೊಡೆದು ಆಡುವ ಆಟ. ಅಲ್ಲಿನ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ 32 ತಂಡಗಳಿವೆ. ಒಂದು ವರ್ಷದಲ್ಲಿ ಒಂದು ತಂಡ ತನ್ನ ಆಟಗಾರರಿಗೆ ಇಷ್ಟಕ್ಕಿಂತ ಹೆಚ್ಚು ಲೆಕ್ಕ ಹಾಕುವಂತಿಲ್ಲ ಎಂಬ ಮಿತಿಯಿದೆ. ಇದಕ್ಕೆ ಸ್ಯಾಲರಿ ಕ್ಯಾಪ್ ಎನ್ನುತ್ತಾರೆ. ನಾವು ಸಂಬಳದ ಮಿತಿ ಎನ್ನೋಣ. 1994ರಲ್ಲಿ ಮೊದಲು ಬಂದಾಗ ಈ ಮಿತಿ ತಂಡಕ್ಕೆ 3 ಕೋಟಿ 46 ಲಕ್ಷ ಡಾಲರ್ ಇತ್ತು. 2025ಕ್ಕೆ ಅದು 27 ಕೋಟಿ 92 ಲಕ್ಷ ಡಾಲರ್ ಆಯಿತು. ದೊಡ್ಡ ನಗರದ ತಂಡಕ್ಕೂ ಸಣ್ಣ ಊರಿನ ತಂಡಕ್ಕೂ ಮಿತಿ ಒಂದೇ.

ನಮ್ಮ ವರ್ತಕರು ದೀಪಾವಳಿಗೆ ಹೊಸ ಖಾತೆ ತೆರೆಯುವಂತೆ ಆ ಲೀಗು ಮಾರ್ಚ್ ತಿಂಗಳ ನಡುವೆ ಹೊಸ ಖಾತೆ ತೆರೆಯುತ್ತದೆ. ಆ ಹೊತ್ತಿಗೆ ಎಲ್ಲ ತಂಡಗಳೂ ಮಿತಿಯ ಒಳಗೆ ಬಂದು ನಿಂತಿರಬೇಕು. ಅದೇ ಗಳಿಗೆಯಲ್ಲಿ, ನಾಲ್ಕು ವರ್ಷವಾದರೂ ಆಡಿ ಕರಾರು ಮುಗಿಸಿದ ಆಟಗಾರರು ಸ್ವತಂತ್ರರಾಗುತ್ತಾರೆ. ಯಾವ ತಂಡ ಕರೆದರೂ ಹೋಗಬಹುದು. ಅವರಿಗೆ ಫ್ರೀ ಏಜೆಂಟರೆಂದು ಹೆಸರು. ಮಾತಿಗೆ ಸ್ವಾತಂತ್ರ್ಯವೇ. ಆದರೆ ಆ ಸ್ವಾತಂತ್ರ್ಯದ ಬೆಲೆ ಎಷ್ಟು? ಕರೆಯುವ ತಂಡದ ಖಾತೆಯಲ್ಲಿ ಮಿತಿಯ ಒಳಗೆ ಎಷ್ಟು ಜಾಗ ಉಳಿದಿದೆಯೋ ಅಷ್ಟು. ಆಟಗಾರ ಎಷ್ಟೇ ಶೂರನಾಗಿರಲಿ, ಅವನು ಬೇಕಾದ ತಂಡಕ್ಕೆ ಜಾಗವಿಲ್ಲದಿದ್ದರೆ ಅವನು ಬೇರೆ ಬಾಗಿಲು ನೋಡಬೇಕು.

ಆದ್ದರಿಂದ ತಂಡದ ಯಜಮಾನರು ಆಟಗಾರರನ್ನು ಹುಡುಕುವ ಮೊದಲು ಜಾಗ ಹುಡುಕುತ್ತಾರೆ. ಜಾಗ ಮಾಡುವ ಉಪಾಯಗಳು ಮುಖ್ಯವಾಗಿ ಎರಡು.

ಒಂದು, ಹಳಬರನ್ನು ತೆಗೆದುಹಾಕುವುದು. ಅಲ್ಲಿ ಐದು ವರ್ಷದ ಕರಾರೆಂದರೆ ಐದು ವರ್ಷದ ಸಂಬಳ ಖಚಿತ ಎಂದಲ್ಲ. ಎಷ್ಟು ಹಣಕ್ಕೆ ಭರವಸೆ ಬರೆದುಕೊಟ್ಟಿದೆಯೋ ಅಷ್ಟೇ ಖಚಿತ. ಉಳಿದದ್ದು ಕಾಗದದ ಮೇಲಿನ ಅಂಕಿ. ಮೊಣಕಾಲು ಸವೆದ ಆಟಗಾರನನ್ನು ಮಾರ್ಚ್ ಬರುವ ಮೊದಲೇ ಬೀಳ್ಕೊಟ್ಟರೆ ಅವನ ಮುಂದಿನ ಸಂಬಳವೆಲ್ಲ ಖಾತೆಯಿಂದ ಅಳಿಸಿಹೋಗುತ್ತದೆ. ಅಲ್ಲಿ ಜಾಗ ಹುಟ್ಟುತ್ತದೆ.

ಎರಡು, ಇಂದಿನ ಭಾರವನ್ನು ನಾಳೆಗೆ ತಳ್ಳುವುದು. ಕರಾರಿಗೆ ಸಹಿ ಹಾಕಿದಾಗ ಕೊಡುವ ಬೋನಸ್ಸನ್ನು, ಹಣ ಆಟಗಾರನ ಕೈಗೆ ಈಗಲೇ ಹೋದರೂ, ಲೆಕ್ಕದಲ್ಲಿ ಐದು ವರ್ಷದವರೆಗೆ ಹಂಚಬಹುದು. ಒಂದು ಉದಾಹರಣೆ ನೋಡಿ. ಒಬ್ಬನ ಈ ವರ್ಷದ ಸಂಬಳ 1 ಕೋಟಿ 60 ಲಕ್ಷ ಎನ್ನಿ. ಅದರಲ್ಲಿ ಒಂದೂವರೆ ಕೋಟಿಯನ್ನು ಬೋನಸ್ಸೆಂದು ಬದಲಾಯಿಸಿ ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 30 ಲಕ್ಷವಾಯಿತು. ಈ ವರ್ಷದ ಖಾತೆಗೆ ಬೀಳುವುದು ಉಳಿದ 10 ಲಕ್ಷ, ಜೊತೆಗೆ ಈ 30 ಲಕ್ಷ. ಒಟ್ಟು 40 ಲಕ್ಷ. ಆಟಗಾರನಿಗೆ ಒಂದು ಕಾಸೂ ಕಡಿಮೆಯಾಗಲಿಲ್ಲ. ಆದರೂ ತಂಡಕ್ಕೆ 1 ಕೋಟಿ 20 ಲಕ್ಷದ ಜಾಗ ಸಿಕ್ಕಿತು. ನಾವು ಕಿರಾಣಿ ಅಂಗಡಿಯಲ್ಲಿ ಬರೆಸಿಡುವ ಉದ್ರಿಗೂ ಇದಕ್ಕೂ ಹೆಚ್ಚು ಭೇದವಿಲ್ಲ.

ಉದ್ರಿ ಎಂದಾದರೂ ತೀರಬೇಕಲ್ಲ? ಆ ಆಟಗಾರನನ್ನು ನಡುವೆ ಕಳುಹಿಸಿದರೆ ಹಂಚಿಟ್ಟ ಬೋನಸ್ಸಿನ ಉಳಿದ ಭಾಗ ಖಾತೆಗೆ ಮರಳಿ ಬೀಳುತ್ತದೆ. ಇದಕ್ಕೆ ಅವರು ಇಟ್ಟ ಹೆಸರು ‘ಸತ್ತ ಹಣ’. ಆಳು ಇಲ್ಲ, ಆಟ ಇಲ್ಲ. ಆದರೆ ಜಾಗ ನುಂಗುತ್ತದೆ. 2024ರ ಮಾರ್ಚಿನಲ್ಲಿ ಡೆನ್ವರ್ ತಂಡ ರಸೆಲ್ ವಿಲ್ಸನ್ ಎಂಬ ಹೆಸರುವಾಸಿ ಆಟಗಾರನನ್ನು ಬಿಟ್ಟಿತು. ಅವನ ಲೆಕ್ಕದ ಸತ್ತ ಹಣ ಎರಡು ವರ್ಷಕ್ಕೆ ಸೇರಿ 8 ಕೋಟಿ 50 ಲಕ್ಷ ಡಾಲರ್. ಆ ತಂಡ ಮಾಡಿದ್ದೇನು? ಅವನ ಸ್ಥಾನಕ್ಕೆ ಕಾಲೇಜಿನಿಂದ ಆಗ ತಾನೆ ಬಂದ ಬೋ ನಿಕ್ಸ್ ಎಂಬ ಹುಡುಗನನ್ನು ತಂದಿತು. ಹೊಸಬರ ಸಂಬಳ ಪಟ್ಟಿಯಲ್ಲಿ ಮೊದಲೇ ಗೊತ್ತಾಗಿರುವುದರಿಂದ ಅವನು ಅಗ್ಗ. ಆ ವರ್ಷ ತಂಡ ಮುಂದಿನ ಸುತ್ತಿಗೂ ಹೋಯಿತು. ಎಲ್ಲರೂ ಯಜಮಾನರ ಜಾಣತನವನ್ನು ಹೊಗಳಿದರು. ಆ ಜಾಣತನದ ಬೆಲೆಯನ್ನು ಅಗ್ಗಕ್ಕೆ ದುಡಿದ ಹುಡುಗ ತೆತ್ತನೆಂದು ಹೇಳಿದವರು ಕಡಿಮೆ.

ಬಂಧುಗಳೇ, ಇಲ್ಲಿಯೇ ನಮ್ಮ ಹೋಟೆಲು ನೆನಪಾಗುತ್ತದೆ. ಹತ್ತು ವರ್ಷ ದುಡಿದ ಮಾಣಿಗೆ ಸಂಬಳ ಸ್ವಲ್ಪ ಏರಿದ ಕೂಡಲೇ ಅವನಲ್ಲಿ ತಪ್ಪುಗಳು ಕಾಣತೊಡಗುತ್ತವೆ. ಊರಿನಿಂದ ಹೊಸ ಹುಡುಗ ಬಂದಿಳಿಯುತ್ತಾನೆ. ಅಮೇರಿಕದ ಆಟಗಾರರಿಗೂ ಇದೇ ಸಂಕಟವಿತ್ತು. ಅಲ್ಲಿ ಅನುಭವ ಹೆಚ್ಚಿದಂತೆ ಕನಿಷ್ಠ ಸಂಬಳವೂ ಏರುತ್ತದೆ. 2024ರಲ್ಲಿ ಹೊಸಬನಿಗೆ ಕನಿಷ್ಠ 7 ಲಕ್ಷ 95 ಸಾವಿರ ಡಾಲರ್ ಆದರೆ ಏಳು ವರ್ಷ ಕಳೆದವನಿಗೆ 12 ಲಕ್ಷ 10 ಸಾವಿರ. ಹಾಗಾದರೆ ಹಳಬನನ್ನು ಯಾರು ಕರೆದಾರು? ಅದಕ್ಕೆ ಒಪ್ಪಂದದಲ್ಲಿಯೇ ಒಂದು ದಾರಿ ಮಾಡಿದ್ದಾರೆ. ಹಳಬನೊಬ್ಬ ಕನಿಷ್ಠ ಸಂಬಳಕ್ಕೆ ಒಂದು ವರ್ಷದ ಕರಾರು ಮಾಡಿದರೆ ಅವನ ಕೈಗೆ ಪೂರ್ತಿ ಹಣ ಬರುತ್ತದೆ. ಆದರೆ ಮಿತಿಯ ಲೆಕ್ಕಕ್ಕೆ ಎರಡು ವರ್ಷದ ಅನುಭವದವನ ಸಂಬಳ, ಅಂದರೆ ಆ ವರ್ಷ 9 ಲಕ್ಷ 85 ಸಾವಿರ ಮಾತ್ರ, ಹಿಡಿಯುತ್ತಾರೆ. ಹಳಬನ ಅನ್ನಕ್ಕೆ ಅವನ ಹಳತನವೇ ಕಲ್ಲಾಗಬಾರದೆಂದು ಮಾಡಿದ ಏರ್ಪಾಡು ಇದು. ಸಂಘವೊಂದು ಎದುರು ಕೂತಿರದಿದ್ದರೆ ಇಂಥ ಏರ್ಪಾಡು ಒಪ್ಪಂದದಲ್ಲಿ ಬರುತ್ತಿತ್ತೆ?

ಸಂಘ ಎಲ್ಲಿಂದ ಬಂತು, ಈ ಸ್ವಾತಂತ್ರ್ಯ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ಮೊದಲು ಅಲ್ಲಿ ಕರಾರು ಮುಗಿದರೂ ಆಟಗಾರನಿಗೆ ಬಿಡುಗಡೆ ಇರಲಿಲ್ಲ. 1963ರ ಒಂದು ನಿಯಮದಂತೆ, ಅವನನ್ನು ಕರೆದುಕೊಂಡ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕಿತ್ತು. ಎಷ್ಟೆಂಬುದನ್ನು ಲೀಗಿನ ಅಧಿಕಾರಿಯೇ ತೀರ್ಮಾನಿಸುತ್ತಿದ್ದ. ಆ ಹೆದರಿಕೆಗೆ ಯಾರೂ ಕರೆಯುತ್ತಿರಲಿಲ್ಲ. ಜಾನ್ ಮ್ಯಾಕಿ ಎಂಬ ಆಟಗಾರ ಕೋರ್ಟಿಗೆ ಹೋದ. 1976ರಲ್ಲಿ ಮೇಲಿನ ಕೋರ್ಟು ಆ ನಿಯಮ ಕಾನೂನಿಗೆ ವಿರುದ್ಧವೆಂದಿತು. ಆದರೂ ಮರುವರ್ಷದ ಒಪ್ಪಂದದಲ್ಲಿ ಪರಿಹಾರದ ಕಟ್ಟು ಬೇರೆ ರೂಪದಲ್ಲಿ ಹಿಂತಿರುಗಿತು.

1982ರಲ್ಲಿ ಆಟಗಾರರು 57 ದಿನ ಮುಷ್ಕರ ಹೂಡಿದರು. ಅವರ ಬೇಡಿಕೆ ಏನು ಗೊತ್ತೆ? ‘ಒಟ್ಟು ಆದಾಯದಲ್ಲಿ ನೂರಕ್ಕೆ 55 ನಮಗೆ ಕೊಡಿ’ ಎಂದು. ಅದೇ 1982ರ ಜನವರಿ 18ರಂದು ಈ ಮುಂಬಯಿಯಲ್ಲಿ ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಗೆ ಬಂದಿದ್ದರು. ನಮ್ಮ ಹಿರಿಯರು ಸೋತ ಬಗೆಯನ್ನು ಇಲ್ಲಿ ಹೇಳಬೇಕಾಗಿಲ್ಲ. ಗಿರಣಗಾಂವದ ಪ್ರತಿ ಮನೆಗೂ ಅದು ಗೊತ್ತು. ಅಮೇರಿಕದ ಆಟಗಾರರಿಗೂ ಆಗ ಕೇಳಿದ್ದು ಸಿಗಲಿಲ್ಲ. 1987ರಲ್ಲಿ ಮತ್ತೆ ಮುಷ್ಕರ ಹೂಡಿದಾಗ ಯಜಮಾನರು ಬದಲಿ ಆಳುಗಳನ್ನು ತಂದು ಆಟ ನಡೆಸಿಬಿಟ್ಟರು. 24 ದಿನಕ್ಕೆ ಮುಷ್ಕರ ಮುರಿಯಿತು.

ಆದರೆ ಅವರು ಕೈಚೆಲ್ಲಿ ಕೂರಲಿಲ್ಲ. ಹಿಂದೆ ತಾನೇ ಆಟಗಾರನಾಗಿದ್ದ ಜೀನ್ ಅಪ್‌ಷಾ ಸಂಘದ ಮುಂದಾಳಾಗಿದ್ದ. ಸಂಘವೆಂದು ಇರುವ ತನಕ ಕೋರ್ಟಿನ ಬಾಗಿಲು ತೆರೆಯುವುದಿಲ್ಲವೆಂದು ತಿಳಿದಾಗ, 1989ರಲ್ಲಿ ಅವರು ಆಟಗಾರರ ಪರವಾಗಿ ಚೌಕಾಸಿ ಮಾಡುವ ಹಕ್ಕನ್ನೇ ಬಿಟ್ಟುಕೊಟ್ಟು ಕೋರ್ಟಿನ ದಾರಿ ಹಿಡಿದರು. 1992ರಲ್ಲಿ ಮಿನಿಯಾಪೊಲಿಸಿನ ಜ್ಯೂರಿ ಆಟಗಾರರ ಪರ ತೀರ್ಪು ಕೊಟ್ಟಿತು. 1993ರಲ್ಲಿ ಹೊಸ ಒಪ್ಪಂದವಾಯಿತು. ಆ ವರ್ಷ ರೆಜಿ ವೈಟ್ ಎಂಬ ಆಟಗಾರ ಫಿಲಡೆಲ್ಫಿಯಾ ಬಿಟ್ಟು ಗ್ರೀನ್ ಬೇ ತಂಡಕ್ಕೆ ನಾಲ್ಕು ವರ್ಷಕ್ಕೆ 1 ಕೋಟಿ 70 ಲಕ್ಷ ಡಾಲರಿಗೆ ಹೋದಾಗ ಎಲ್ಲರಿಗೂ ಸ್ವಾತಂತ್ರ್ಯದ ರುಚಿ ತಿಳಿಯಿತು. ಮರುವರ್ಷವೇ ಮಿತಿ ಬಂತು. ಒಂದು ಕೈಯಿಂದ ಬಾಗಿಲು ತೆರೆದರು, ಇನ್ನೊಂದು ಕೈಯಿಂದ ಸೂರು ತಗ್ಗಿಸಿದರು.

ಹಾಗಾದರೆ ಸಂಘ ಇದಕ್ಕೆ ಏಕೆ ಒಪ್ಪಿತು? ಇದೇ ನಾವು ಹೇಳಬೇಕೆಂದಿರುವ ಮುಖ್ಯ ಮಾತು. ಆ ಮಿತಿ ಯಜಮಾನನ ಬಾಯಿಗೆ ಬಂದ ಅಂಕಿಯಲ್ಲ, ಅದು ಪಾಲು. ಟೆಲಿವಿಷನ್ನಿನಿಂದ ಬಂದದ್ದು, ಟಿಕೆಟ್ಟಿನಿಂದ ಬಂದದ್ದು, ಜಾಹೀರಾತಿನಿಂದ ಬಂದದ್ದು ಎಲ್ಲ ಕೂಡಿಸಿ ಆಟಗಾರರ ಪಾಲು ಇಷ್ಟೆಂದು ತೆಗೆಯುತ್ತಾರೆ. 2020ರ ಒಪ್ಪಂದದಂತೆ 2021ರಿಂದ ಅದು ಕನಿಷ್ಠ ನೂರಕ್ಕೆ 48. ಅದರಲ್ಲಿ ಪಿಂಚಣಿ, ವೈದ್ಯೋಪಚಾರ ಮುಂತಾದ ಖರ್ಚು ಕಳೆದು ಉಳಿದದ್ದನ್ನು 32 ತಂಡಗಳಿಗೆ ಭಾಗಿಸಿದರೆ ಬರುವುದೇ ಮಿತಿ. ಆದಾಯ ಬೆಳೆದರೆ ಮಿತಿ ಬೆಳೆಯಲೇಬೇಕು. ಹೊಸ ಟೆಲಿವಿಷನ್ ಕರಾರುಗಳಾದ ಮೇಲೆ 2022ರಲ್ಲಿ 20 ಕೋಟಿ 82 ಲಕ್ಷವಿದ್ದದ್ದು ಮೂರು ವರ್ಷದಲ್ಲಿ 28 ಕೋಟಿಯ ಹತ್ತಿರ ಬಂದದ್ದು ಹೀಗೆ. ಸೂರಿನ ಜೊತೆಗೆ ನೆಲವೂ ಇದೆ. ಕೆಲವು ವರ್ಷಗಳ ಅವಧಿಯನ್ನು ಒಟ್ಟು ನೋಡಿದಾಗ ಪ್ರತಿ ತಂಡವೂ ಮಿತಿಯ ನೂರಕ್ಕೆ 90ರಷ್ಟನ್ನಾದರೂ ಖರ್ಚು ಮಾಡಿರಬೇಕು. ಮಾಡದಿದ್ದರೆ ಕಡಿಮೆಬಿದ್ದ ಹಣವನ್ನು ಆ ತಂಡದ ಆಟಗಾರರಿಗೇ ಹಂಚಬೇಕು.

ಎಲ್ಲಕ್ಕಿಂತ ಮಿಗಿಲಾಗಿ ಲೆಕ್ಕಪುಸ್ತಕ ತೆರೆದು ನೋಡುವ ಹಕ್ಕು ಸಂಘಕ್ಕಿದೆ. ಅದು ಬರಿಯ ಕಾಗದದ ಹಕ್ಕಲ್ಲ. ಟಿಕೆಟ್ ಹಣದಲ್ಲಿ 10 ಕೋಟಿ ಡಾಲರಿಗೂ ಮೀರಿದ ಮೊತ್ತವನ್ನು ಲೀಗು ಆಟಗಾರರ ಪಾಲಿನ ಲೆಕ್ಕದಿಂದ ಹೊರಗಿಟ್ಟದ್ದು ಸಂಘದ ತಪಾಸಣೆಯಲ್ಲಿ ಸಿಕ್ಕಿಬಿತ್ತು. 2016ರಲ್ಲಿ ಪಂಚರು ಸಂಘದ ಪರ ತೀರ್ಪು ಕೊಟ್ಟರು; ಆ ಹಣ ಲೆಕ್ಕಕ್ಕೆ ಮರಳಿ ಸೇರಿತು.

ಹಾಗೆಂದು ಅದನ್ನು ಸ್ವರ್ಗವೆಂದು ಬಗೆಯಬೇಡಿ. ಪಾಲೆಂದ ಮೇಲೆ ನಷ್ಟದಲ್ಲಿಯೂ ಪಾಲು. ಕೊರೋನಾ ಕಾಲದಲ್ಲಿ ಮೈದಾನಗಳು ಬರಿದಾದವು. 2020ರಲ್ಲಿ 19 ಕೋಟಿ 82 ಲಕ್ಷವಿದ್ದ ಮಿತಿ 2021ಕ್ಕೆ 18 ಕೋಟಿ 25 ಲಕ್ಷಕ್ಕೆ ಇಳಿಯಿತು. ಆ ಮಾರ್ಚಿನಲ್ಲಿ ತಂಡಗಳು ಜಾಗಕ್ಕಾಗಿ ಒಳ್ಳೆಯ ಆಟಗಾರರನ್ನೂ ಬಿಟ್ಟವು. ಸ್ವತಂತ್ರರಾದವರಲ್ಲಿ ಎಷ್ಟೋ ಮಂದಿ ಸಿಕ್ಕಷ್ಟಕ್ಕೆ ಒಂದು ವರ್ಷದ ಕರಾರು ಮಾಡಿಕೊಂಡು ಕಾಲ ನೂಕಿದರು. ಇನ್ನೊಂದು ಕಟ್ಟೂ ಇದೆ. ಪ್ರತಿ ತಂಡ ವರ್ಷಕ್ಕೆ ಒಬ್ಬ ಆಟಗಾರನ ಮೇಲೆ ಮುದ್ರೆಯೊತ್ತಿ, ಗೊತ್ತಾದ ದೊಡ್ಡ ಸಂಬಳಕ್ಕೆ, ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳಬಹುದು. ಇನ್ನು ಎಷ್ಟೋ ಆಟಗಾರರ ಮೈ ನಾಲ್ಕು ವರ್ಷ ತುಂಬುವ ಮೊದಲೇ ಮುರಿಯುತ್ತದೆ; ಅವರು ಸ್ವಾತಂತ್ರ್ಯದ ಮುಖವನ್ನೇ ನೋಡುವುದಿಲ್ಲ.

ಮಿತಿ ಇಲ್ಲದೆ ಹೋದರೆ ದೊಡ್ಡ ನಗರದ ಶ್ರೀಮಂತ ತಂಡ ಎಲ್ಲರನ್ನೂ ಕೊಂಡುಬಿಡುತ್ತದೆ, ಗ್ರೀನ್ ಬೇಯಂತಹ ಸಣ್ಣ ಊರು ಮುಳುಗುತ್ತದೆ ಎಂದು ಯಜಮಾನರು ವಾದಿಸುತ್ತಾರೆ. ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಗ್ರೀನ್ ಬೇಯನ್ನು ತೇಲಿಸಿದ್ದು ಮುಖ್ಯವಾಗಿ 1960ರ ದಶಕದಿಂದ ಟೆಲಿವಿಷನ್ ಹಣವನ್ನು ತಂಡಗಳು ಸಮನಾಗಿ ಹಂಚಿಕೊಂಡದ್ದು. ಯಜಮಾನರು ತಮ್ಮೊಳಗೆ ಹಂಚಿ ಉಣ್ಣುವುದನ್ನು ಚೆನ್ನಾಗಿ ಬಲ್ಲರು. ಅವರ ಒಗ್ಗಟ್ಟು ಎಷ್ಟೆಂದರೆ, 2010ರಲ್ಲಿ ಒಪ್ಪಂದದಂತೆ ಮಿತಿಯೇ ಇರಲಿಲ್ಲ. ಆ ವರ್ಷದ ಖಾತೆಗೆ ಸಂಬಳವನ್ನು ಧಾರಾಳವಾಗಿ ಬರೆದ ವಾಷಿಂಗ್ಟನ್ ತಂಡದಿಂದ 3 ಕೋಟಿ 60 ಲಕ್ಷ, ಡಲ್ಲಾಸ್ ತಂಡದಿಂದ 1 ಕೋಟಿ ಡಾಲರಿನ ಜಾಗವನ್ನು 2012ರಲ್ಲಿ ಲೀಗು ಕಿತ್ತುಕೊಂಡಿತು. ಮಿತಿ ಇಲ್ಲದ ವರ್ಷದಲ್ಲಿ ಮಿತಿ ಮೀರಿದರೆಂದು ದಂಡ! ಮಾಲಿಕರ ಒಗ್ಗಟ್ಟಿಗೆ ಇದಕ್ಕಿಂತ ಸಾಕ್ಷಿ ಬೇಕೆ?

‘ಕೋಟಿ ಎಣಿಸುವವರ ಸಂಘಕ್ಕೂ ನಮಗೂ ಏನು ಸಂಬಂಧ?’ ಎಂದು ಕೆಲವರು ಕೇಳಬಹುದು. ನಾವು ಅವರಿಗಾಗಿ ಅಳಬೇಕಾಗಿಲ್ಲ. ಆದರೆ ಅವರಲ್ಲಿಯೂ ಮೇಲು ಕೆಳಗು ಇದೆ. 2020ರ ಒಪ್ಪಂದ ಮತಕ್ಕೆ ಬಂದಾಗ ಹೆಸರುವಾಸಿ ಆಟಗಾರರು ಅನೇಕರು ವಿರೋಧಿಸಿದರು. ವರ್ಷಕ್ಕೆ ಒಂದು ಪಂದ್ಯ ಹೆಚ್ಚು ಆಡಿ ಮೈ ಮುರಿದುಕೊಳ್ಳುವುದು ಬೇಡವೆಂದರು. ಆದರೆ ಅದೇ ಒಪ್ಪಂದ ಹೊಸಬರ ಕನಿಷ್ಠ ಸಂಬಳವನ್ನು 4 ಲಕ್ಷ 95 ಸಾವಿರದಿಂದ 6 ಲಕ್ಷ 10 ಸಾವಿರಕ್ಕೆ ಏರಿಸುತ್ತಿತ್ತು. ಪರವಾಗಿ 1,019 ಮತ, ವಿರುದ್ಧ 959. ಕೇವಲ 60 ಮತದಿಂದ ತೀರ್ಮಾನವಾಯಿತು. ಸರಿಯೋ ತಪ್ಪೋ, ತೀರ್ಮಾನ ಆಡುವವರದು. ಒಬ್ಬನಿಗೆ ಒಂದೇ ಮತ. ಕೋಟಿ ಗಳಿಸುವವನಿಗೂ ಒಂದು, ಬೆಂಚಿನ ಮೇಲೆ ಕೂರುವವನಿಗೂ ಒಂದು.

ಈಗ ನಮ್ಮ ಮಾತಿಗೆ ಬರೋಣ. ನಾವು ಹಿಂದೆ ದುಡಿಯುತ್ತಿದ್ದ ಒಂದು ಹೋಟೆಲಿನಲ್ಲಿ ಒಂದು ವರ್ಷ ಅಡಿಗೆಯವರಿಗೆ ಮಾತ್ರ ಸಂಬಳ ಏರಿತು. ಮಾಣಿಗಳಾದ ನಮಗೆ ‘ಹಣ ಮುಗಿಯಿತು’ ಎಂದರು. ಅಂದಿನಿಂದ ನಾವು ಅಡಿಗೆಯವರೊಡನೆ ಮಾತು ಬಿಟ್ಟೆವು. ಆರು ತಿಂಗಳು ಒಂದೇ ಸೂರಿನ ಕೆಳಗೆ ಮಲಗಿ ವೈರಿಗಳಂತೆ ಬದುಕಿದೆವು. ದೋಸೆ ತಡವಾದರೆ ಅವರನ್ನು ಬೈದೆವು. ಗಿರಾಕಿ ಬೈದರೆ ಅವರು ನಗುತ್ತಿದ್ದರು. ಆ ಆರು ತಿಂಗಳಲ್ಲಿ ಮಾಲಿಕರು ಎರಡನೆಯ ಹೋಟೆಲು ತೆರೆದರು. ಹಣ ಎಲ್ಲಿ ಮುಗಿಯಿತು, ಎಲ್ಲಿ ಮುಗಿಯಲಿಲ್ಲ ಎಂದು ನಮಗೆ ಆಗ ತಿಳಿಯಿತು. ನಾವು ಜಗಳವಾಡಬೇಕಾದದ್ದು ಅಡಿಗೆಮನೆಯ ಕಡೆಗೆ ತಿರುಗಿ ಅಲ್ಲ, ಗಲ್ಲಾದ ಕಡೆಗೆ ತಿರುಗಿ.

ಸಂಬಳಕ್ಕೆ ಮಿತಿಯೇ ಬೇಡವೆಂದು ನಾವು ಹೇಳುತ್ತಿಲ್ಲ. ಯಾವ ವ್ಯಾಪಾರದಲ್ಲಿಯೂ ಹಣಕ್ಕೆ ಕೊನೆಯೆಂಬುದಿದೆ. ನಷ್ಟದಲ್ಲಿರುವ ಸಣ್ಣ ಹೋಟೆಲಿನವರ ಕಷ್ಟವೂ ನಮಗೆ ಗೊತ್ತು. ಆದರೆ ‘ಇಷ್ಟೇ ಜಾಗ’ ಎಂದು ಹೇಳಿದಾಗ ಮೂರು ಪ್ರಶ್ನೆ ಕೇಳುವುದನ್ನು ಪ್ರತಿಯೊಬ್ಬ ಸದಸ್ಯನೂ ಕಲಿಯಬೇಕು. ಈ ಮೊತ್ತವನ್ನು ಯಾವ ಆದಾಯದ ಎಷ್ಟನೆಯ ಪಾಲೆಂದು ತೆಗೆದಿರಿ? ಆ ಲೆಕ್ಕವನ್ನು ನಮ್ಮ ಸಂಘಕ್ಕೆ ತೋರಿಸುವಿರಾ? ಮೇಲೆ ಸೂರು ಹಾಕಿದ ನೀವು ಕೆಳಗೆ ನೆಲ ಹಾಕಿದ್ದೀರಾ? ಈ ಮೂರಕ್ಕೆ ಉತ್ತರ ಸಿಗುವ ತನಕ ಅದು ಮಿತಿಯಲ್ಲ, ಬರಿಯ ನೆಪ.

ಒಬ್ಬರೇ ಹೋಗಿ ಕೇಳಿದರೆ ನಾಳೆ ಆ ಜಾಗಕ್ಕೆ ಹೊಸ ಹುಡುಗ ಬಂದಿರುತ್ತಾನೆ. ಅಡಿಗೆಯವನು, ಮಾಣಿ, ಲೋಟ ತೊಳೆಯುವವನು ಒಟ್ಟಿಗೆ ಹೋಗಿ ಕೇಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಲು ನಾವು ಸಿದ್ಧ. ಆದರೆ ಹಾಸಿಗೆ ಹೊಲಿಯುವಾಗ ಅಳತೆಯ ಪಟ್ಟಿಯ ಒಂದು ತುದಿ ನಮ್ಮ ಕೈಯಲ್ಲಿಯೂ ಇರಬೇಕು.